ಹಸಿರು ಆಟೋ ಬಿಡಿ, ಡಯಲ್ ತಿರುಗಿಸಿ

"ಈಗಿನ ಕ್ಯಾಮೆರಾ ಎಲ್ಲಾ ತಾನೇ ಮಾಡ್ಕೊಳ್ಳುತ್ತೆ ಕಣ್ರೀ, ಗುಂಡಿ ಒತ್ತಿದ್ರೆ ಸಾಕು." ಈ ಮಾತನ್ನು ಡೆಸ್ಕಿನಲ್ಲಿ ಕೂತವರು ಹೇಳುತ್ತಾರೆ, ಕ್ಯಾಮೆರಾ ಮಾರುವವರು ಹೇಳುತ್ತಾರೆ, ಪತ್ರಿಕೋದ್ಯಮ ಕಲಿಸುವವರೂ ಹೇಳುತ್ತಾರೆ. ನಮ್ಮಂಥ ತಾಲ್ಲೂಕು ವರದಿಗಾರರು ಅದನ್ನು ನಂಬಿ, ಡಯಲನ್ನು ಹಸಿರು ಆಟೋ ಗುರುತಿಗೆ ತಂದು ನಿಲ್ಲಿಸಿ, ಮತ್ತೆ ಅದನ್ನು ಮುಟ್ಟುವುದೇ ಇಲ್ಲ. ಇದು ಬರೀ ಸೋಮಾರಿತನದ ವಿಷಯವಲ್ಲ. ಇದರಿಂದ ಹಳ್ಳಿಯ ಸುದ್ದಿಗೆ ನಷ್ಟವಾಗುತ್ತಿದೆ. ಹೇಗೆ ಅಂತ ಹೇಳುತ್ತೇನೆ, ಓದಿ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಇರುತ್ತದೆ. ಅದರ ಮೂಲ ಲೆಕ್ಕ ಬಹಳ ಸರಳ. ಎದುರಿಗಿರುವ ದೃಶ್ಯ ಒಟ್ಟಿನಲ್ಲಿ ತುಂಬ ಕಪ್ಪಾಗಬಾರದು, ತುಂಬ ಬಿಳಿಯೂ ಆಗಬಾರದು, ನಡುವಿನ ಬೂದು ಬಣ್ಣಕ್ಕೆ ಬಂದು ನಿಲ್ಲಬೇಕು. ಸುಣ್ಣ ಬಳಿದ ಗೋಡೆ ತೋರಿಸಿದರೆ ಅದನ್ನು ಬೂದು ಮಾಡುತ್ತದೆ. ಕರಿ ಎಮ್ಮೆ ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ. ಈಚಿನ ಕ್ಯಾಮೆರಾಗಳಿಗೆ ಮುಖ ಗುರುತಿಸುವ ಬುದ್ಧಿ ಸೇರಿಸಿದ್ದಾರೆ, ಒಪ್ಪೋಣ. ಆದರೆ ಸುದ್ದಿ ಯಾವುದು ಅಂತ ಗುರುತಿಸುವ ಬುದ್ಧಿಯನ್ನು ಯಾರೂ ಸೇರಿಸಿಲ್ಲ.

ನಮ್ಮ ಸಂತೇಬೆನ್ನೂರಿನ ಹೊಂಡವನ್ನೇ ನೋಡಿ. ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿ, ನಡುವೆ ನೀರಿನಲ್ಲಿ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಬಂದವರೆಲ್ಲ ಮುಸಾಫಿರ್‌ಖಾನೆಯ ಕಮಾನಿನೊಳಗಿಂದ ಮಂಟಪದ ಫೋಟೊ ತೆಗೆಯುತ್ತಾರೆ. ಒಳಗೆ ನೆರಳು, ಹೊರಗೆ ಸುಡು ಬಿಸಿಲು. ಇಲ್ಲಿ ಕ್ಯಾಮೆರಾಗೆ ಎರಡು ದಾರಿ ಇವೆ. ಹೊರಗಿನ ಬೆಳಕಿಗೆ ಹೊಂದಿಸಿದರೆ ಮಂಟಪ ಚೆನ್ನಾಗಿ ಕಾಣುತ್ತದೆ, ಕಮಾನು ಕರಿ ಚೌಕಟ್ಟಾಗುತ್ತದೆ. ಒಳಗಿನ ನೆರಳಿಗೆ ಹೊಂದಿಸಿದರೆ ಗೋಡೆಯ ಬಿರುಕು, ಪಾಚಿ, ಯಾರೋ ಕೆತ್ತಿದ ಹೆಸರು ಎಲ್ಲವೂ ಕಾಣುತ್ತವೆ, ಮಂಟಪ ಬಿಳಿಯಾಗಿ ಕರಗಿಹೋಗುತ್ತದೆ. ಮೊದಲನೆಯದು ಪ್ರವಾಸಿಗರ ಫೋಟೊ, ಎರಡನೆಯದು ವರದಿಗಾರನ ಫೋಟೊ. ನಿಮಗೆ ಯಾವುದು ಬೇಕು? ಆಟೋ ನಿಮ್ಮನ್ನು ಕೇಳುವುದಿಲ್ಲ. ಅದು ಎರಡಕ್ಕೂ ನಡುವೆ ಏನೋ ಒಂದು ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಈಗ ಇನ್ನೊಂದು ಸಂದರ್ಭಕ್ಕೆ ಬನ್ನಿ, ಇದು ನಮ್ಮ ದಿನನಿತ್ಯದ್ದು. ಊರಿನ ಒಂದು ಕೇರಿಯಲ್ಲಿ ತಿಂಗಳುಗಟ್ಟಲೆ ಬೀದಿದೀಪ ಉರಿದಿಲ್ಲ. ಹೆಣ್ಣುಮಕ್ಕಳು ರಾತ್ರಿ ಹೊರಗೆ ಬರಲು ಹೆದರುತ್ತಾರೆ. ವರದಿಗಾರ ಹೋಗಿ ಫೋನಿನಲ್ಲಿ ಫೋಟೊ ತೆಗೆಯುತ್ತಾನೆ. ನೈಟ್ ಮೋಡ್ ತಾನಾಗಿಯೇ ಶುರುವಾಗಿ, ಹಲವು ಚಿತ್ರಗಳ ಬೆಳಕು ಕೂಡಿಸಿ ಒಂದು ಚಿತ್ರ ಮಾಡುತ್ತದೆ. ಅದರಲ್ಲಿ ಕೇರಿ ಬೆಳದಿಂಗಳಲ್ಲಿ ಮಿಂದಂತೆ ಇರುತ್ತದೆ, ಚರಂಡಿಯ ಅಂಚಿನ ಕಲ್ಲೂ ಎಣಿಸಬಹುದು. ಅದೇ ಅಚ್ಚಾಗುತ್ತದೆ. "ಎಲ್ರೀ ಕತ್ತಲೆ? ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲ" ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಸುದ್ದಿಯೇ ಕತ್ತಲೆ. ಕ್ಯಾಮೆರಾ ಆ ಸುದ್ದಿಯನ್ನೇ ಅಳಿಸಿಬಿಟ್ಟಿತು.

ಇದು ನಮ್ಮ ಕಡೆ ಮಾತ್ರ ಆಗುವುದಲ್ಲ. 2020ರ ಸೆಪ್ಟೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಡ್ಗಿಚ್ಚಿನ ಹೊಗೆ ಕವಿದು, ಹಗಲು ಹೊತ್ತಿನಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಜನ ಫೋನ್ ಎತ್ತಿ ಫೋಟೊ ತೆಗೆದರೆ ಎಷ್ಟೋ ಫೋಟೊಗಳಲ್ಲಿ ಆಕಾಶ ಬರೀ ಬೂದು! ಆಟೋ ವೈಟ್ ಬ್ಯಾಲೆನ್ಸ್ ಅದನ್ನು ತಪ್ಪು ಬಣ್ಣ ಎಂದು ತಿಳಿದು "ಸರಿ" ಮಾಡಿತ್ತು. ಬಣ್ಣವನ್ನು ಕೈಯಾರೆ ಹೊಂದಿಸಿದವರ ಚಿತ್ರಗಳಲ್ಲಷ್ಟೇ ಕಣ್ಣಿಗೆ ಕಂಡದ್ದು ಉಳಿಯಿತು. ಅಪರೂಪದ್ದು ಏನಾದರೂ ಕಂಡರೆ ಅದನ್ನು ಮಾಮೂಲಿ ಮಾಡುವುದೇ ಆಟೋದ ಸ್ವಭಾವ. ಸುದ್ದಿ ಎಂದರೆ ಮಾಮೂಲಿ ಅಲ್ಲದ್ದು. ಇಬ್ಬರಿಗೂ ಹೇಗೆ ಹೊಂದಾಣಿಕೆಯಾಗಬೇಕು?

ಮುಖದ ವಿಷಯಕ್ಕೂ ಬರೋಣ. ಬಣ್ಣದ ಫಿಲಂ ಕಾಲದಲ್ಲಿ ಲ್ಯಾಬುಗಳು ಬಣ್ಣ ಹೊಂದಿಸಲು ಕೊಡಕ್ ಕಂಪನಿ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಎಂದು ಹೆಸರು. ಅದರಲ್ಲಿ ಇದ್ದದ್ದು ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಎಲ್ಲರದೂ ಸರಿ ಬಂದಂತೆ ಎಂಬ ಲೆಕ್ಕ. ಕಪ್ಪು ಮೈಬಣ್ಣದವರ ಮುಖದಲ್ಲಿ ಹಲ್ಲು ಕಣ್ಣು ಬಿಟ್ಟರೆ ಬೇರೇನೂ ಕಾಣದ ಫೋಟೊಗಳು ಎಷ್ಟೋ ಬಂದವು. ಆ ಕಾರ್ಡ್ ಹೋಯಿತು, ತೊಂದರೆ ಪೂರ್ತಿ ಹೋಗಿಲ್ಲ. ಬಿಳಿ ರುಮಾಲು ಸುತ್ತಿದ ರೈತ ಬಿಸಿಲಲ್ಲಿ ನಿಂತರೆ ಆಟೋ ರುಮಾಲಿನ ಬಿಳಿ ನೋಡಿ ಬೆಳಕು ಕಡಿಮೆ ಮಾಡುತ್ತದೆ, ರೈತನ ಮುಖ ಕಪ್ಪು ಮುದ್ದೆ. ಮೆಕ್ಕೆಜೋಳ ಒಣಗಿಹೋಯಿತೆಂದು ಕಣ್ಣೀರಿಟ್ಟ ಮನುಷ್ಯ ಅವನು. ಪೇಪರಿನಲ್ಲಿ ಅವನಿಗೆ ಕಣ್ಣೇ ಇಲ್ಲ. ಪಕ್ಕದ ಪುಟದಲ್ಲಿ ಶಾಸಕರ ಮುಖ ಮಾತ್ರ ಫಳಫಳ, ಯಾಕೆಂದರೆ ಅದಕ್ಕೆ ಸ್ಟೇಜಿನ ಲೈಟು ಇತ್ತು.

ಇದಕ್ಕೆ ಪರಿಹಾರ ಲಕ್ಷ ರೂಪಾಯಿಯ ಕ್ಯಾಮೆರಾ ಅಲ್ಲ. ಒಂದು ಗುಂಡಿ. ಪ್ಲಸ್-ಮೈನಸ್ ಗುರುತು ಇರುವ ಗುಂಡಿ ಬಹುತೇಕ ಎಲ್ಲ ಡಿಜಿಟಲ್ ಕ್ಯಾಮೆರಾಗಳಲ್ಲೂ ಇದೆ. ಬಿಳಿ ಹೆಚ್ಚಿರುವ ಕಡೆ ಪ್ಲಸ್ 1 ಮಾಡಿ, ಮುಖ ಮೇಲೆ ಬರುತ್ತದೆ. ಕತ್ತಲೆಯನ್ನು ಕತ್ತಲೆಯಾಗಿಯೇ ತೋರಿಸಬೇಕಾದರೆ ಮೈನಸ್ 1 ಅಥವಾ 2. ಹಸಿರು ಆಟೋದಲ್ಲಿ ಸಾಮಾನ್ಯವಾಗಿ ಈ ಗುಂಡಿ ಕೆಲಸ ಮಾಡುವುದಿಲ್ಲ. ಅದಕ್ಕೇ ಹೇಳುವುದು, ಕನಿಷ್ಠ ಪಕ್ಷ ಡಯಲನ್ನು ಪಿ ಅಕ್ಷರಕ್ಕೆ ತನ್ನಿ.

ಉಳಿದ ಅಕ್ಷರಗಳೂ ಬ್ರಹ್ಮವಿದ್ಯೆ ಏನಲ್ಲ. ಕ್ಯಾಮೆರಾದ ಕೈಯಲ್ಲಿ ಮೂರೇ ಹಿಡಿತ ಇವೆ. ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯಬೇಕು ಎಂಬುದು ಅಪರ್ಚರ್. ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಶಟರ್. ಬಂದ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಎಂಬುದು ಐಎಸ್‌ಒ. ಹಿಗ್ಗಿಸಿದಷ್ಟೂ ಚಿತ್ರದಲ್ಲಿ ರವೆಯಂಥ ಚುಕ್ಕೆ.

ಎ ಅಥವಾ ಎವಿ ಎಂದು ಬರೆದ ಕಡೆ ಇಟ್ಟರೆ ಕಿಂಡಿ ನಿಮ್ಮದು, ಶಟರ್ ಕ್ಯಾಮೆರಾದ್ದು. ಗ್ರಾಮಸಭೆಯಲ್ಲಿ ಮುಂದಿನ ಸಾಲೂ ಹಿಂದಿನ ಸಾಲೂ ಕಾಣಬೇಕೆಂದರೆ ಎಫ್ 8. ಒಬ್ಬ ಅಜ್ಜಿಯ ಮುಖ ಮಾತ್ರ ಎದ್ದು ಕಾಣಬೇಕೆಂದರೆ ಎಫ್ 4 ಅಥವಾ ಅದಕ್ಕಿಂತ ಕಡಿಮೆ ಅಂಕಿ. ಎಸ್ ಅಥವಾ ಟಿವಿ ಎಂದಿರುವ ಕಡೆ ಇಟ್ಟರೆ ಶಟರ್ ನಿಮ್ಮದು. ಹಗಲಿನ ಕಬಡ್ಡಿಗೆ 1/500 ಇಟ್ಟರೆ ಹಾರಿದವನು ಗಾಳಿಯಲ್ಲೇ ನಿಲ್ಲುತ್ತಾನೆ. ಜಗಳೂರು ಕಡೆ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಕಣ್ಣಿಗೆ ಬಿದ್ದರೆ 1/1000 ಬೇಕಾದೀತು. ಅದು ಆಟೋ ಲೆಕ್ಕ ಮುಗಿಸುವವರೆಗೆ ಕಾಯುವ ಪ್ರಾಣಿಯಲ್ಲ.

ಎಂ ಇಟ್ಟರೆ ಎಲ್ಲವೂ ನಿಮ್ಮದೇ. ಎಂ ಎಂದರೆ ಹೆದರುವವರಿಗೆ ಫಿಲಂ ಕಾಲದ ಒಂದು ಲೆಕ್ಕ ಹೇಳುತ್ತೇನೆ. ಬಿಸಿಲು ಚೆನ್ನಾಗಿರುವಾಗ ಐಎಸ್‌ಒ 100, ಎಫ್ 16, ಶಟರ್ 1/100 ಆಸುಪಾಸು. ಇದಕ್ಕೆ ಮೀಟರೇ ಬೇಡ. ರಾತ್ರಿ ರಥೋತ್ಸವದಲ್ಲೂ ಎಂ ಕೈಹಿಡಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯುವ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಹೆಚ್ಚಿದರೆ ಚಿತ್ರದಲ್ಲಿ ಅಡ್ಡಡ್ಡ ಪಟ್ಟೆ ಬೀಳಬಹುದು. 1/100 ಅಥವಾ 1/50ಕ್ಕೆ ಇಳಿಸಿ, ಪಟ್ಟೆ ಮಾಯವಾಗುತ್ತದೆ.

"ಗಲಾಟೆ ಆಗುವಾಗ ಡಯಲ್ ತಿರುಗಿಸ್ತಾ ಕೂರೋಕಾಗುತ್ತಾ?" ಇದು ಮೊದಲ ಆಕ್ಷೇಪ. ಗಲಾಟೆ ಆಗುವಾಗ ತಿರುಗಿಸಬೇಡಿ, ಬೈಕ್ ಇಳಿಯುವಾಗಲೇ ತಿರುಗಿಸಿ. ಬೆಳಕು ನೋಡಿ ಒಮ್ಮೆ ಇಟ್ಟುಕೊಂಡರೆ ಆಮೇಲೆ ಗುಂಡಿ ಒತ್ತುವುದೊಂದೇ ಕೆಲಸ. ಕೈಗೆ ಸಿಗುವ ಡಯಲಿನ ಬೆಲೆ ಗೊತ್ತಾಗುವುದೂ ಆಗಲೇ. ಕಣ್ಣು ವ್ಯೂಫೈಂಡರಿನಲ್ಲಿ ಇರುವಾಗಲೇ ಹೆಬ್ಬೆರಳು ಅದನ್ನು ತಿರುಗಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಫೋನಿನ ಪರದೆ ಕಾಣುವುದಿಲ್ಲ, ಮಳೆಯಲ್ಲಿ ಒದ್ದೆ ಬೆರಳಿಗೆ ಓಗೊಡುವುದಿಲ್ಲ. ಡಯಲಿಗೆ ಬಿಸಿಲೂ ಒಂದೇ, ಬೆವರೂ ಒಂದೇ. ಟ್ರ್ಯಾಕ್ಟರ್ ಓಡಿಸುವವನು ಗೇರ್ ನೋಡಿ ಬದಲಾಯಿಸುತ್ತಾನೆಯೇ?

"ನಮ್ಮತ್ರ ಫೋನ್ ಬಿಟ್ರೆ ಬೇರೆ ಇಲ್ಲ" ಎನ್ನುವುದು ಎರಡನೆಯದು. ಇದು ನ್ಯಾಯವಾದ ಮಾತು, ಫೋಟೊಗೆ ನಮಗೆ ಏನು ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಫೋನಿನಲ್ಲೂ ದಾರಿ ಇದೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಡಿ, ಬಹಳಷ್ಟು ಫೋನುಗಳಲ್ಲಿ ಸೂರ್ಯನ ಗುರುತು ಬರುತ್ತದೆ, ಮೇಲಕ್ಕೋ ಕೆಳಕ್ಕೋ ಎಳೆಯಿರಿ. ಪ್ರೊ ಮೋಡ್ ಇದ್ದರೆ ಶಟರ್, ಐಎಸ್‌ಒ ಎಲ್ಲ ಅಲ್ಲೇ ಇವೆ. ನನ್ನ ಜಗಳ ಫೋನಿನ ಮೇಲಲ್ಲ, ಯೋಚಿಸದೆ ಒತ್ತುವುದರ ಮೇಲೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. "ಕೈಯಾರೆ ಹೊಂದಿಸಿದರೆ ಬೆಳಕಿರುವ ಬೀದಿಯನ್ನೂ ಕತ್ತಲೆ ಮಾಡಿ ಸುಳ್ಳು ಹೇಳಬಹುದಲ್ಲ?" ಹೇಳಬಹುದು. ಪೆನ್ನಿನಲ್ಲೂ ಸುಳ್ಳು ಬರೆಯಬಹುದು. ಆದರೆ ಬರೆದವನನ್ನು ಹಿಡಿದು ಕೇಳಬಹುದು. ನಾನು ಶಟರ್ ಇಷ್ಟು, ಐಎಸ್‌ಒ ಇಷ್ಟು ಇಟ್ಟೆ ಎಂಬುದು ಫೋಟೊದ ಫೈಲಿನಲ್ಲೇ ದಾಖಲಾಗಿರುತ್ತದೆ. ಕೇಳಿದವರಿಗೆ ತೋರಿಸಿ ಉತ್ತರ ಕೊಡಬಲ್ಲೆ. ಆಟೋ ಹೇಳಿದ ಸುಳ್ಳಿಗೆ ಯಾರು ಉತ್ತರ ಕೊಡುತ್ತಾರೆ? ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಆ ದಾಖಲೆಯೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲನ್ನು ಅಳಿಸಬೇಡಿ.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ಬದುಕನ್ನು ಫಿಲಂ ಕ್ಯಾಮೆರಾದಲ್ಲಿ ಹಿಡಿದಿಟ್ಟವರು. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು. ತೆಗೆದ ಕೂಡಲೇ ನೋಡಲು ಪರದೆ ಇರಲಿಲ್ಲ, ತಿದ್ದಿಕೊಡುವ ಚಿಪ್ ಇರಲಿಲ್ಲ. ಬೆಳಕನ್ನು ಮೊದಲು ಕಣ್ಣಿನಲ್ಲಿ ಓದಿ ಆಮೇಲೆ ಕ್ಯಾಮೆರಾ ಎತ್ತಬೇಕಿತ್ತು. ನಮ್ಮ ಕೈಯಲ್ಲಿ ಅದಕ್ಕಿಂತ ನೂರು ಪಾಲು ಅನುಕೂಲವಿದೆ. ಓದುವ ಅಭ್ಯಾಸ ಮಾತ್ರ ಬಿಟ್ಟುಬಿಟ್ಟಿದ್ದೇವೆ.

ಹಾಗಾಗಿ ಕೇಳುವುದು ಇಷ್ಟೇ. ಪತ್ರಿಕೋದ್ಯಮ ಕಲಿಸುವವರೇ, ಕ್ಯಾಮೆರಾದ ಭಾಗಗಳ ಹೆಸರು ಬರೆಸಿ ಅಂಕ ಕೊಡುವುದು ಸಾಕು. ವಿದ್ಯಾರ್ಥಿಗಳನ್ನು ಬಿಸಿಲಿಗೂ ಅಡಿಕೆ ತೋಟದ ನೆರಳಿಗೂ ಕರೆದುಕೊಂಡು ಹೋಗಿ, ಡಯಲ್ ತಿರುಗಿಸಲು ಹೇಳಿ. ಡೆಸ್ಕಿನವರೇ, "ಬೇಗ ಕಳ್ಸಿ" ಅನ್ನುವಷ್ಟೇ ಸಲ "ಮುಖ ಕಾಣ್ತಿಲ್ಲ" ಅಂತಲೂ ಹೇಳಿ.

ಓದುಗರೇ, ನಿಮಗೂ ಒಂದು ಮಾತು. ನಿಮ್ಮ ಊರಿನ ಕೆರೆ, ರಸ್ತೆ, ಕೇರಿ ಪೇಪರಿನಲ್ಲಿ ಬಂದಾಗ ನಿಮ್ಮ ಕಣ್ಣಿಗೆ ಕಂಡ ಹಾಗೆ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ವರದಿಗಾರನನ್ನು ತಡೆದು ಕೇಳಿ: "ಯಾಕಪ್ಪಾ, ಡಯಲ್ ಎಲ್ಲಿತ್ತು?"