ದಾದಿಯ ಮರೆವು, ಮೊಮ್ಮಗಳ ಓದು

ಬೇಲೂರಿನ ನಮ್ಮ ಬೀದಿಯಲ್ಲಿ ನನ್ನ ಖಾಲಾ ಮಾಡುವ ಬಿರಿಯಾನಿಗೆ ಹೆಸರಿತ್ತು. ಮದುವೆ ಮನೆಯವರು ಮಸಾಲೆಯ ಅಳತೆ ಕೇಳಲು ಅವರ ಬಳಿಗೇ ಬರುತ್ತಿದ್ದರು. ಮೂರು ವರ್ಷಗಳ ಹಿಂದೆ ಬಕ್ರೀದ್ ದಿನ ಅವರು ಮಾಡಿದ ಬಿರಿಯಾನಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ನಕ್ಕು ಸುಮ್ಮನಾದೆವು. ಕೆಲವು ತಿಂಗಳ ಬಳಿಕ ಝುಹರ್ ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂದು ತಿಳಿಯದೆ ಗೊಂದಲಗೊಳ್ಳತೊಡಗಿದರು. ಆಗಲೂ "ವಯಸ್ಸಾಯಿತಲ್ಲ" ಎಂದೆವು. ಒಂದು ಸಂಜೆ ಬಸ್ ನಿಲ್ದಾಣದ ಬಳಿ ನಿಂತು, "ಹಳೇಬೀಡಿಗೆ ಹೋಗಬೇಕು, ಅಮ್ಮಾ ಕಾಯುತ್ತಿದ್ದಾರೆ" ಎಂದು ಅಳುತ್ತಿದ್ದವರನ್ನು ಪರಿಚಯದ ಆಟೊದವರು ಮನೆಗೆ ಕರೆತಂದರು. ಅವರ ಅಮ್ಮ ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು. ಆಮೇಲಷ್ಟೇ ನಾವು ವೈದ್ಯರ ಬಳಿಗೆ ಹೋದದ್ದು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಎಂದರು.

ಆ ವಾರವೇ ಮನೆಯ ಹಿರಿಯರು ಸೇರಿ ಇನ್ನೊಂದು ತೀರ್ಮಾನಕ್ಕೆ ಬಂದರು. ದ್ವಿತೀಯ ಪಿಯುಸಿ ಓದುತ್ತಿದ್ದ ಮೊಮ್ಮಗಳು ಕಾಲೇಜು ಬಿಟ್ಟು ದಾದಿಯನ್ನು ನೋಡಿಕೊಳ್ಳಲಿ. "ಹೇಗೂ ಇನ್ನೆರಡು ವರ್ಷಕ್ಕೆ ನಿಕಾಹ್ ಮಾಡುವುದೇ ತಾನೇ?" ಎಂಬ ಮಾತೂ ಬಂತು. ಕೆಟ್ಟ ಮನಸ್ಸಿನಿಂದ ಯಾರೂ ಹೇಳಿದ್ದಲ್ಲ. ಆದರೆ ಕೇಳುತ್ತಾ ಕುಳಿತಿದ್ದ ನನಗೆ ಖಾಲಾರ ಬಾಲ್ಯ ನೆನಪಾಯಿತು. ಅವರು ಉರ್ದು ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾಗ ಹಸುಗೂಸಾಗಿದ್ದ ತಮ್ಮನನ್ನು ನೋಡಿಕೊಳ್ಳಲೆಂದು ಶಾಲೆ ಬಿಡಿಸಿದ್ದರು. ಅಣ್ಣನನ್ನು ಮಾತ್ರ ಓದಿಸಿದರು. ಆ ದೊಡ್ಡ ಮಾಮು ಶಿಕ್ಷಕರಾಗಿ ನಿವೃತ್ತರಾಗಿ ಈಗ ಅರಸೀಕೆರೆಯಲ್ಲಿದ್ದಾರೆ. ಖಾಲಾರಿಗಿಂತ ನಾಲ್ಕು ವರ್ಷ ಹಿರಿಯರು. ಇಂದಿಗೂ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ.

ಒಂದು ಮನೆಯ ಕಥೆಯಿಂದ ಏನನ್ನೂ ಸಾಧಿಸಲಾಗದು. ಚೆನ್ನಾಗಿ ಓದಿದವರಿಗೂ ಈ ಕಾಯಿಲೆ ಬರುತ್ತದೆ. ಆದರೆ ದೇಶದ ಲೆಕ್ಕ ನೋಡಿದರೂ ಹೆಂಗಸರ ಪಾಲೇ ಹೆಚ್ಚು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಲ್ಲಿ ಇದರ ಪ್ರಮಾಣ ಶೇ. 5.8 ಇದ್ದರೆ ಹೆಂಗಸರಲ್ಲಿ ಶೇ. 9. ನಗರಗಳಲ್ಲಿ ಶೇ. 5.3 ಇದ್ದರೆ ಹಳ್ಳಿಗಳಲ್ಲಿ ಶೇ. 8.4. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಇದಕ್ಕೆ ಒಂದು ಕಾರಣ ನಿಜ. ಅದೊಂದೇ ಕಾರಣವಲ್ಲ. ಇದೇ ಅಧ್ಯಯನ ಸರಣಿಯ ಪೂರ್ವಭಾವಿ ಸಮೀಕ್ಷೆ 2010ರಲ್ಲಿ ಕರ್ನಾಟಕ, ಕೇರಳ, ಪಂಜಾಬ್ ಮತ್ತು ರಾಜಸ್ಥಾನಗಳಲ್ಲಿ ನಡೆದಿತ್ತು. ನೆನಪು ಮತ್ತು ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿರಿಯ ಹೆಂಗಸರು ಗಂಡಸರಿಗಿಂತ ಹಿಂದಿದ್ದರು. ಆದರೆ ಶಾಲೆ ಕಲಿತ ವರ್ಷಗಳು, ಆರೋಗ್ಯ ಮತ್ತು ಜನರೊಂದಿಗಿನ ಒಡನಾಟವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ಬಹಳ ಮಟ್ಟಿಗೆ ತಗ್ಗಿತು. ಅಂದರೆ ಹೆಣ್ಣಿನ ಮೆದುಳು ದುರ್ಬಲವೆಂದಲ್ಲ, ಅದಕ್ಕೆ ಸಿಗಬೇಕಾದದ್ದು ಸಿಗಲಿಲ್ಲ.

ಶಾಲೆಗೂ ಮರೆವಿಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಯಗಚಿ ಜಲಾಶಯವನ್ನೇ ನೋಡಿ. ಮಳೆಗಾಲದಲ್ಲಿ ನೀರು ತುಂಬಿದ್ದರೆ ಬೇಸಿಗೆ ದೂಡಬಹುದು. ಮೆದುಳೂ ಹಾಗೆಯೇ. ಎಳವೆಯಲ್ಲಿ ಓದು, ಲೆಕ್ಕ, ಭಾಷೆ ಕಲಿತಾಗ, ಮುಂದೆಯೂ ಹೊಸತನ್ನು ಕಲಿಯುತ್ತಾ ಹೋದಾಗ ನರಕೋಶಗಳ ನಡುವೆ ಸಂಪರ್ಕಗಳು ಬೆಳೆಯುತ್ತವೆ. ಮುಪ್ಪಿನಲ್ಲಿ ಕಾಯಿಲೆ ಕೆಲವನ್ನು ಕಿತ್ತುಕೊಂಡರೂ ಉಳಿದವು ಸ್ವಲ್ಪ ಕಾಲ ಕೆಲಸ ನಡೆಸುತ್ತವೆ. ದಾಸ್ತಾನೇ ಇಲ್ಲದವರಿಗೆ ಬರ ಬೇಗ ತಟ್ಟುತ್ತದೆ.

ಇಂದು ಎಪ್ಪತ್ತರ ಆಸುಪಾಸಿನಲ್ಲಿರುವ ದಾದಿ, ನಾನಿಯರು ಶಾಲೆಗೆ ಸೇರಬೇಕಾಗಿದ್ದ ಕಾಲ ನೆನೆಯಿರಿ. 1961ರ ಜನಗಣತಿಯಲ್ಲಿ ದೇಶದ ಗಂಡಸರಲ್ಲಿ ನೂರಕ್ಕೆ 40 ಮಂದಿ ಅಕ್ಷರ ಬಲ್ಲವರು, ಹೆಂಗಸರಲ್ಲಿ ಬರೀ 15. ಅದೇ ಕಾಲದಲ್ಲಿ ನಮ್ಮ ಹಾಸನದಲ್ಲಿ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರನ್ನು ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲಾಯಿತು. ಅವರು ವಕೀಲರಾದರು, ಕಥೆ ಬರೆದರು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದರು. ನಮ್ಮ ಖಾಲಾರಿಗೂ ಬುದ್ಧಿ ಕಡಿಮೆ ಇರಲಿಲ್ಲ. ಬೀದಿಯ ಹೆಂಗಸರ ಚೀಟಿ ಹಣದ ಲೆಕ್ಕವೆಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಇಬ್ಬರ ನಡುವಿನ ವ್ಯತ್ಯಾಸ ಒಂದು ಮನೆಯವರು ಮಾಡಿದ ತೀರ್ಮಾನ.

ಓದಿನ ಜೊತೆಗೆ ಇನ್ನೂ ಕೆಲವು ಕಾರಣಗಳಿವೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಇಂತಹ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಇವನ್ನೆಲ್ಲ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದು ಹೇಳುತ್ತದೆ. ಕಡಿಮೆ ಓದು, ಕಿವುಡು, ದೃಷ್ಟಿದೋಷ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಬೊಜ್ಜು, ಖಿನ್ನತೆ, ಒಂಟಿತನ, ದೇಹಕ್ಕೆ ವ್ಯಾಯಾಮವಿಲ್ಲದಿರುವುದು, ಹೊಗೆ ತುಂಬಿದ ಗಾಳಿ, ತಲೆಗೆ ಪೆಟ್ಟು, ಧೂಮಪಾನ, ಅತಿಯಾದ ಮದ್ಯಪಾನ ಆ ಪಟ್ಟಿಯಲ್ಲಿವೆ. ಕೊನೆಯ ಎರಡು ನಮ್ಮ ಹೆಂಗಸರಿಗೆ ಅಷ್ಟಾಗಿ ಸಂಬಂಧಿಸಿದ್ದಲ್ಲ. ಉಳಿದವನ್ನು ನಮ್ಮ ನಮ್ಮ ಮನೆಗೆ ಹೋಲಿಸಿ ನೋಡೋಣ.

ಮಾಮುವಿಗೆ ಕಿವಿ ಮಂದವಾದಾಗ ಆರು ತಿಂಗಳೊಳಗೆ ಮಷಿನ್ ಬಂತು, ಕಣ್ಣಿನ ಪೊರೆ ತೆಗೆಸಿದ್ದಾಯಿತು. ಖಾಲಾರಿಗೆ ಕಿವಿ ಕೇಳದಾಗಿ ಹತ್ತು ವರ್ಷವಾಗಿತ್ತು. "ಮನೆಯಲ್ಲೇ ಇರುವವರು, ಯಾರ ಮಾತು ಕೇಳಬೇಕಾಗಿದೆ?" ಎಂದು ಅವರೂ ಅಂದರು, ನಾವೂ ಒಪ್ಪಿದೆವು. ಕಿವಿ ಕೇಳದವರನ್ನು ನಾಲ್ಕು ಜನ ಮಾತನಾಡಿಸುವುದು ಬಿಡುತ್ತಾರೆ, ಮೆದುಳಿಗೆ ಕೆಲಸ ತಪ್ಪುತ್ತದೆ. ಬಿ.ಪಿ. ಮಾತ್ರೆಯನ್ನು ಅವರು ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದರು. ಹಣ ಉಳಿಸಲು ಹಾಗೆ ಮಾಡಿದ್ದೆಂದು ತಿಳಿದದ್ದು ತೀರಾ ಇತ್ತೀಚೆಗೆ. ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲ ಒಲೆಗೆ ಸೌದೆಯೇ. ಬೆಳಗಿನ ಹೊಗೆ ಕುಡಿಯುವವರು ಹೆಂಗಸರೇ.

"ದಿನವಿಡೀ ಮನೆಗೆಲಸ ಮಾಡುತ್ತಾರಲ್ಲ, ಅದಕ್ಕಿಂತ ವ್ಯಾಯಾಮ ಬೇಕೇ?" ಎನ್ನುವವರಿದ್ದಾರೆ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು 289 ನಿಮಿಷ. ಅಂತಹ ಕೆಲಸ ಮಾಡುವ ಗಂಡಸರು 88 ನಿಮಿಷ. ಕೆಲಸದಿಂದ ಮೈ ದಣಿಯುತ್ತದೆ. ಆದರೆ ಬಿಡುವಾಗಿ ನಡೆಯಲು, ಹೊಸದನ್ನು ಕಲಿಯಲು, ಗೆಳತಿಯರೊಡನೆ ಕುಳಿತು ಮಾತನಾಡಲು, ನಿದ್ದೆ ಮಾಡಲು ಆ ಐದು ಗಂಟೆಗಳೇ ಅಡ್ಡ ಬರುತ್ತವೆ. ಗಂಡಸರಿಗೆ ಮಸೀದಿ ಇದೆ, ಅಂಗಡಿ ಇದೆ, ಚಹಾದ ಹೋಟೆಲ್ ಇದೆ. ವಿಧವೆಯಾದ ಮುದುಕಿಗೆ ಇರುವುದು ಅಡುಗೆಮನೆ ಮತ್ತು ಟಿ.ವಿ.

ಕಾಯಿಲೆ ಬಂದ ಮೇಲೂ ಹೆಂಗಸರದು ತಡವಾಗಿ ಬೆಳಕಿಗೆ ಬರುತ್ತದೆ. ಬ್ಯಾಂಕಿನ ವ್ಯವಹಾರದಲ್ಲಿ ಗಂಡಸು ತಪ್ಪಿದರೆ ಅಂದೇ ಗೊತ್ತಾಗುತ್ತದೆ. ಚಪಾತಿ ಬೇಯುತ್ತಿರುವವರೆಗೆ ಹೆಂಗಸನ್ನು ಯಾರೂ ಏನೂ ಕೇಳುವುದಿಲ್ಲ. ಬೀಗದ ಕೈ ಎಲ್ಲಿಟ್ಟೆ ಎಂದು ಮರೆಯುವುದು ಸಾಮಾನ್ಯ ಮರೆವು. ಬೀಗದ ಕೈಯಿಂದ ಏನು ಮಾಡಬೇಕೆಂದೇ ಮರೆಯುವುದು ಕಾಯಿಲೆಯ ಲಕ್ಷಣ. ನಲ್ವತ್ತು ವರ್ಷ ಮಾಡಿದ ಅಡುಗೆಯ ಕ್ರಮ ತಪ್ಪುವುದು, ಗ್ಯಾಸ್ ಆರಿಸದೆ ಬರುವುದು, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು, ಪರಿಚಿತ ದಾರಿ ತಪ್ಪುವುದು, "ನನ್ನ ಹಣ ಕದ್ದರು" ಎಂದು ಮನೆಯವರನ್ನೇ ಶಂಕಿಸುವುದು ಕಂಡರೆ ತಡಮಾಡಬೇಡಿ. ಜಿನ್ನ್ ಹಿಡಿದಿದೆ, ಮಾಟ ಮಾಡಿಸಿದ್ದಾರೆ ಎಂದು ತಿಂಗಳುಗಟ್ಟಲೆ ಅಲೆಯಬೇಡಿ. ಪ್ರಾರ್ಥಿಸಿ, ಜೊತೆಗೆ ವೈದ್ಯರ ಬಳಿಗೂ ಹೋಗಿ. ತಿಳಿವಳಿಕೆಯಿದ್ದವರೂ ಅತಿ ಮುಪ್ಪಿನಲ್ಲಿ ಏನೂ ತಿಳಿಯದಂತಾಗುವುದನ್ನು ಪವಿತ್ರ ಕುರ್‌ಆನ್ ಸೂರಃ ಅನ್ನಹ್ಲ್‌ನಲ್ಲಿ ಪ್ರಸ್ತಾಪಿಸಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೇಲಾಗಿ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮದಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ.

ಏನು ಮಾಡಬಹುದು? 30 ದಾಟಿದ ಪ್ರತಿಯೊಬ್ಬರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಉಚಿತ. ಮನೆಯ ಹೆಂಗಸರನ್ನು ವರ್ಷಕ್ಕೊಮ್ಮೆಯಾದರೂ ಕರೆದೊಯ್ಯಿರಿ. ರಮಝಾನಿನಲ್ಲಿ ಮಾತ್ರೆ ನಿಲ್ಲಿಸಬೇಡಿ, ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಿ ಕೊಡುವಂತೆ ವೈದ್ಯರನ್ನು ಮೊದಲೇ ಕೇಳಿ. ಕಿವಿ, ಕಣ್ಣು ಪರೀಕ್ಷಿಸಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬೇಲೂರಿನಿಂದ ಸುಮಾರು 40 ಕಿ.ಮೀ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚೂ ಇಲ್ಲ. ರೋಗಿಯನ್ನು ನೋಡಿಕೊಂಡು ಮನಸ್ಸು ಸೋತವರು 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567. ಮಸೀದಿ ಕಮಿಟಿಯವರಲ್ಲಿ ನನ್ನದೊಂದು ವಿನಂತಿ: ವರ್ಷಕ್ಕೊಮ್ಮೆ ಹೆಂಗಸರಿಗಾಗಿ ತಪಾಸಣಾ ಶಿಬಿರ ಮಾಡಿ, ವಾರಕ್ಕೊಂದು ಮಧ್ಯಾಹ್ನ ಹಿರಿಯ ಹೆಂಗಸರು ಸೇರಿ ಓದಲು, ಕಲಿಯಲು ಮದ್ರಸದ ಒಂದು ಕೊಠಡಿ ಬಿಟ್ಟುಕೊಡಿ. ಐವತ್ತರಲ್ಲಿ, ಅರವತ್ತರಲ್ಲಿ ಅಕ್ಷರ ಕಲಿತರೂ ತಡವಲ್ಲ.

ಇನ್ನು ಸೇವೆಯ ಮಾತು. ಡಿಮೆನ್ಷಿಯಾ ಇರುವವರ ಆರೈಕೆಯ ಸಮಯದಲ್ಲಿ ಶೇ. 70ರಷ್ಟನ್ನು ಹೆಂಗಸರೇ ಕೊಡುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಪ್ಪಿನ ತಂದೆತಾಯಿಯೊಡನೆ ಸೌಜನ್ಯದಿಂದ ನಡೆದುಕೊಳ್ಳಬೇಕೆಂಬ ಸೂರಃ ಬನೀ ಇಸ್ರಾಈಲ್‌ನ ಆದೇಶ ಮಕ್ಕಳಿಗೆ. ಗಂಡುಮಕ್ಕಳು ಅದನ್ನು ಸೊಸೆಗೂ ಮೊಮ್ಮಗಳಿಗೂ ದಾಟಿಸಿ ತಾವು ಪುಣ್ಯ ಪಡೆಯಲಾಗದು.

ಅಂದು ಈ ಮಾತನ್ನು ಮನೆಯಲ್ಲಿ ಹೇಳಿದೆ. ಸ್ವಲ್ಪ ಬಿಸಿಯೇ ಆಯಿತು. ಕೊನೆಗೆ ದೊಡ್ಡ ಮಗ ಬೆಳಿಗ್ಗೆ ಹನ್ನೊಂದರವರೆಗೆ ಅಂಗಡಿ ತೆರೆಯದೆ ಅಮ್ಮನ ಜೊತೆ ಇರಲು ಒಪ್ಪಿದ. ಮಧ್ಯಾಹ್ನ ಸೊಸೆ, ಸಂಜೆ ಚಿಕ್ಕ ಮಗ. ಅರಸೀಕೆರೆಯಿಂದ ಮಾಮು ವಾರದಲ್ಲಿ ಎರಡು ದಿನ ಬಂದು ತಂಗಿಯ ಪಕ್ಕ ಕುಳಿತು ಹಳೇಬೀಡಿನ ಹಳೆಯ ಮಾತು ತೆಗೆಯುತ್ತಾರೆ. ಅದನ್ನು ಖಾಲಾ ಚೆನ್ನಾಗಿ ನೆನಪಿಟ್ಟಿದ್ದಾರೆ. ವ್ಯವಸ್ಥೆ ಕೆಲವೊಮ್ಮೆ ತಪ್ಪುತ್ತದೆ, ಜಗಳವೂ ಆಗುತ್ತದೆ. ಆದರೆ ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ, ಪರೀಕ್ಷೆಯ ಶುಲ್ಕವನ್ನೂ ಕಟ್ಟಿದ್ದಾಳೆ. ಕಳೆದ ವಾರ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ಖಾಲಾ ಹೆಸರು ಮರೆತು, "ಯಾರ ಮಗಳಮ್ಮಾ ನೀನು, ಎಲ್ಲಿಗೆ ಹೊರಟೆ?" ಎಂದು ಕೇಳಿದರು. "ಓದಲಿಕ್ಕೆ, ದಾದಿ" ಎಂದಳು. "ಹೋಗು, ಹೋಗು, ತಡಮಾಡಬೇಡ" ಎಂದರು.