ಮದುವೆ ಕ್ಯಾಸೆಟ್ಟಿನಲ್ಲಿ ಉಳಿದ ಸೋಬಾನೆ

ಜಗತ್ತಿನಲ್ಲಿ ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಅಲ್ಲಿಂದೀಚೆಗೆ ಉಳಿದಿರುವುದೆಲ್ಲ ಹಳೆಯ ಯಂತ್ರಗಳೇ. ಹೆಡ್ ಸವೆದರೆ, ಬೆಲ್ಟ್ ಹರಿದರೆ ಇನ್ನೊಂದು ಕೆಟ್ಟ ಯಂತ್ರದಿಂದ ಬಿಚ್ಚಿ ಹಾಕಬೇಕು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮನೆಗಳಲ್ಲಿ ಬೀರುವಿನ ಮೇಲೋ ಟ್ರಂಕಿನ ತಳದಲ್ಲೋ ಕೂತಿರುವ ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಹಾಕಿಸಲು ಇದೊಂದೇ ಕಾರಣ ಸಾಕು. ಆದರೆ ಈ ಸೀಮೆಗೆ ಇದಕ್ಕಿಂತ ದೊಡ್ಡ ಕಾರಣವಿದೆ.

ಇದು ಹಾಡಿನ ಸೀಮೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹಾಡಿದ ಪದಗಳನ್ನು ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡದ್ದರಿಂದ ಅವು ‘ಸಾವಿರದ ಸಿರಿ ಬೆಳಗು’ ಎಂಬ ಪುಸ್ತಕವಾಗಿ ಉಳಿದವು. ಅತ್ತ ತುಳುನಾಡಿನಲ್ಲಿ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ಧ್ವನಿಯಲ್ಲೂ ವಿಡಿಯೊದಲ್ಲೂ ದಾಖಲಿಸಿದರು. ಅಚ್ಚಾದಾಗ ಅದು 15,683 ಸಾಲು. ಇಂಥ ಭಾಗ್ಯ ಎಲ್ಲರಿಗೂ ಸಿಗಲಿಲ್ಲ. ಹಸೆಗೆ ಕರೆಯುವಾಗ, ಅರಿಶಿನ ಹಚ್ಚುವಾಗ, ಹೆಣ್ಣು ಒಪ್ಪಿಸುವಾಗ ಸೋಬಾನೆ ಹೇಳುವ ಅಜ್ಜಿಯರು ಹಟ್ಟಿ ಹಟ್ಟಿಯಲ್ಲೂ ಇದ್ದರು. ಅವರಲ್ಲಿ ಹೆಚ್ಚಿನವರ ಬಳಿಗೆ ವಿದ್ವಾಂಸರು ಹೋಗಲಿಲ್ಲ. ಮದುವೆ ವಿಡಿಯೊ ತೆಗೆಯುವ ಹುಡುಗ ಹೋಗಿದ್ದ. ತೊಂಬತ್ತರ ದಶಕದಲ್ಲಿ ಅವನ ಹೆಗಲ ಮೇಲಿದ್ದ ಕ್ಯಾಮೆರಾ ತನಗೆ ಅರಿವಿಲ್ಲದೆಯೇ ಜಾನಪದ ಸಂಗ್ರಹ ಮಾಡಿದೆ.

ಅಂಥದೊಂದು ಕ್ಯಾಸೆಟ್ ಹಾಕಿ ನೋಡಿ. ಮೊಳಕಾಲ್ಮುರು ರೇಷ್ಮೆ ಸೀರೆಯ ಕೆಂಪು ಬಣ್ಣ ಅಂಚು ದಾಟಿ ಪಕ್ಕಕ್ಕೆ ಹರಿದಿರುತ್ತದೆ. ಕೆಂಪನ್ನು ಗೆರೆಯೊಳಗೆ ಹಿಡಿದಿಡುವ ಶಕ್ತಿ ವಿಎಚ್‌ಎಸ್‌ಗೆ ಇರಲಿಲ್ಲ. ಅರಿಶಿನದ ಶಾಸ್ತ್ರದಲ್ಲಿ ಅಜ್ಜಿಯ ತುಟಿ ಆಡುತ್ತಿದೆ, ಕೇಳಿಸುವುದು ಮಾತ್ರ ಸಿನಿಮಾ ಹಾಡು. ಎಡಿಟಿಂಗ್ ಮಾಡುವಾಗ ಮೂಲ ಸದ್ದನ್ನು ಅಳಿಸಿ ಚಿತ್ರಗೀತೆ ಕೂರಿಸುವುದು ಆಗಿನ ವಾಡಿಕೆ. ಆದರೂ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಅಲ್ಲಲ್ಲಿ ಅಜ್ಜಿಯ ದನಿ ಕೇಳುತ್ತದೆ. ಎಡಿಟ್ ಮಾಡದ ಕ್ಯಾಸೆಟ್ಟೂ ಮನೆಯಲ್ಲಿದ್ದರೆ ಅದೇ ನಿಜವಾದ ಆಸ್ತಿ. ಅಂಗಡಿಗೆ ಕೊಡುವಾಗ ಖಡಾಖಂಡಿತವಾಗಿ ಹೇಳಿ: ಹೊಸ ಸಂಗೀತ ಬೇಡ, ಕತ್ತರಿ ಬೇಡ, ಸದ್ದು ಇದ್ದ ಹಾಗೇ ಇರಲಿ.

ಟೇಪು ಎಂದರೆ ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಾಂತೀಯ ಪುಡಿ, ಪುಡಿಯನ್ನು ಹಿಡಿದಿಡಲು ಅಂಟು. ತೇವ ಕುಡಿದು ಅಂಟು ಸಡಿಲವಾದರೆ ಪುಡಿ ಉದುರುತ್ತದೆ, ಚಿತ್ರವೂ ಅದರ ಜೊತೆಗೇ ಹೋಗುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಸೇರಿವೆ. ಕರಾವಳಿ, ಮಲೆನಾಡಿನ ಬೂಷ್ಟು ಇಲ್ಲಿನ ಟೇಪಿಗೆ ಅಷ್ಟಾಗಿ ತಗುಲಿಲ್ಲ. ಆದರೆ ಬೇಸಿಗೆಯ ಕಾವೂ ಗಾಳಿಯ ದೂಳೂ ಬಿಟ್ಟಿಲ್ಲ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚನ್ನು ನೋಡಿ. ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಸ್ವಚ್ಛ ಮಾಡಿಸದೆ ಯಂತ್ರಕ್ಕೆ ಹಾಕಬೇಡಿ. ಕ್ಯಾಸೆಟ್ಟಿನ ಬೆನ್ನಿಗಿರುವ ಪುಟ್ಟ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಟ್ಟರೆ ಕೈತಪ್ಪಿ ಅದರ ಮೇಲೆ ಇನ್ನೊಂದು ರೆಕಾರ್ಡ್ ಆಗುವುದಿಲ್ಲ. ಹರಿದ ಟೇಪಿಗೆ ಮನೆಯ ಅಂಟುಪಟ್ಟಿ ಹಚ್ಚಿದರೆ ಹೆಡ್ ಕೆಡುತ್ತದೆ, ಅದನ್ನು ತಿಳಿದವರ ಕೈಗೆ ಕೊಡಿ. ಮೂರು ಗಂಟೆಯ ಕ್ಯಾಸೆಟ್ ಇಳಿಸಲು ಮೂರು ಗಂಟೆ ಬೇಕೇ ಬೇಕು. ಒಂದು ಡಿವಿಡಿಗೆ ಎರಡು ಗಂಟೆಗಿಂತ ಹೆಚ್ಚು ತುಂಬಿದರೆ ಚಿತ್ರ ಒಡೆಯುತ್ತದೆ. ಹಿಂದೆ ವಿಸಿಡಿ ಮಾಡಿಸಿದವರು ಆಯಿತೆಂದು ಕ್ಯಾಸೆಟ್ ಎಸೆಯಬಾರದು. ವಿಸಿಡಿಯ ಚಿತ್ರ ಇನ್ನೂ ಮಸುಕು.

ಡಿವಿಡಿಗೆ ಹಾಕಿದಲ್ಲಿಗೂ ಕೆಲಸ ಮುಗಿಯುವುದಿಲ್ಲ. ನಾವು ಬರೆಸಿಕೊಳ್ಳುವ ಡಿಸ್ಕಿನಲ್ಲಿ ಚಿತ್ರವನ್ನು ಹಿಡಿದಿರುವುದು ಒಂದು ಬಣ್ಣದ ಪದರ. ಬಿಸಿಲಿಗೆ, ಬಿಸಿಗೆ ಅದು ಮಾಸುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಂತೂ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಈ ವಿಷಯದಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳೇ ಪಾಠ ಹೇಳುತ್ತವೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಇಲ್ಲಿ ಒಂದೇ ಕಡೆ ಇಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಕೆಲವೇ ಕಿಲೋಮೀಟರ್ ಅಂತರದಲ್ಲಿ ಮೂರು ಪ್ರತಿಗಳಿವೆ. ಜಟಿಂಗ ರಾಮೇಶ್ವರದ ಅಕ್ಷರಗಳು ತೀರಾ ಸವೆದಿವೆ. ಆದರೂ ಅಲ್ಲಿ ಏನಿತ್ತೆಂದು ಗೊತ್ತಾಗುವುದು ಉಳಿದೆರಡರಿಂದ. ಕಲ್ಲೇ ಸವೆಯುವಾಗ ಡಿಸ್ಕಿನ ಪಾಡೇನು? ಒಂದು ಡಿವಿಡಿ, ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಪ್ರತಿ ಬೇರೆ ಊರಿನ ಅಣ್ಣನದೋ ಮಗಳದೋ ಮನೆಯಲ್ಲಿ: ಮೂರಾದರೂ ಇರಲಿ. ಕೆಲವು ವರ್ಷಕ್ಕೊಮ್ಮೆ ಮತ್ತೆ ಪ್ರತಿ ಮಾಡಿಕೊಳ್ಳಿ.

ಆ ಶಾಸನದ ಕೊನೆಗೆ ಬರೆದವನ ಹೆಸರೂ ಇದೆ: ಚಪಡ. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅವನ ಹೆಸರು ನಮಗೆ ಗೊತ್ತು. ಮೂವತ್ತು ವರ್ಷದ ಹಿಂದಿನ ಮದುವೆಯಲ್ಲಿ ಸೋಬಾನೆ ಹೇಳಿದಾಕೆ ಯಾರೆಂದು ಮನೆಯ ಮಕ್ಕಳಿಗೆ ಗೊತ್ತಿಲ್ಲ. ಟೇಪು ಓಡುವ ಆ ಮೂರು ಗಂಟೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇವಳು ಯಾರು, ಯಾವ ಹಟ್ಟಿಯವಳು, ಈ ಪದ ಯಾರಿಂದ ಕಲಿತಳು ಎಂದು ಕೇಳಿ. ಹೇಳಿದ್ದನ್ನು ಬರೆದು ಡಿಸ್ಕಿನ ಜೊತೆಗೇ ಇಡಿ. ಹಾಡು ಚೆನ್ನಾಗಿ ಸಿಕ್ಕರೆ ಮನೆಯವರ ಒಪ್ಪಿಗೆ ಪಡೆದು ಒಂದು ಪ್ರತಿಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಾನಪದ ಅಧ್ಯಾಪಕರಿಗೆ ತಲುಪಿಸಿ. ಟೇಪು ಇನ್ನೂ ನಾಲ್ಕಾರು ವರ್ಷ ತಾಳಬಹುದು. ಹೆಸರು ಹೇಳಬಲ್ಲವರು ಎಂಬತ್ತು ದಾಟಿದ್ದಾರೆ. ಆದ್ದರಿಂದ ಮೊದಲು ಅವರನ್ನು ಕೂರಿಸಿಕೊಳ್ಳಿ, ಕೆಲಸವನ್ನು ಈ ವರ್ಷವೇ ಮುಗಿಸಿ.