ಕನ್ನಡಿಯೊಳಗಿನ ಗಂಟು: ಮಿಂಚಂಚೆಯ ಪತ್ರಗಳನ್ನು ಕಾಯ್ದಿಡುವ ವಿಚಾರ

ಹಿಂದಿನ ಕಾಲದ ಮನೆಗಳಲ್ಲಿ ನಡುಮನೆಯ ಗೋಡೆಯ ಮೊಳೆಗೆ ಒಂದು ಉದ್ದನೆಯ ತಂತಿಯನ್ನು ತೂಗುಹಾಕಿರುತ್ತಿದ್ದುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅಂಚೆಯವನು ತಂದುಕೊಟ್ಟ ಕಾರ್ಡು, ಕವರು, ಕಂದಾಯದ ರಸೀತಿ, ಮದುವೆಯ ಕರೆಯೋಲೆ ಎಲ್ಲವನ್ನೂ ಓದಿದ ಮೇಲೆ ಅದಕ್ಕೆ ಚುಚ್ಚಿಬಿಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ವಿಂಗಡಣೆಯೆಂಬುದಿರಲಿಲ್ಲ. ಬೇಕಾದ ಕಾಗದವೊಂದು ತಳದಲ್ಲಿದ್ದರೆ ಮೇಲಿನವನ್ನೆಲ್ಲ ಕಳಚಬೇಕಾಗುತ್ತಿತ್ತು. ಆದರೂ ಅದಕ್ಕೊಂದು ದೊಡ್ಡ ಗುಣವಿತ್ತು. ಮನೆಯವರ ಕೈ ತಾಗದೆ ಯಾವ ಕಾಗದವೂ ಆ ತಂತಿಯಿಂದ ಇಳಿದುಹೋಗುತ್ತಿರಲಿಲ್ಲ. ಇಂದಿನ ಮಿಂಚಂಚೆಯಲ್ಲಿ ವಿಂಗಡಣೆಯೂ ಉಂಟು, ಕ್ಷಣಮಾತ್ರದಲ್ಲಿ ಮುಗಿಯುವ ಹುಡುಕಾಟವೂ ಉಂಟು. ಇಲ್ಲದಿರುವುದು ಆ ಒಂದು ಗುಣವೇ ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯವು ನನಗೆ ಬಂದುದು ಪುಸ್ತಕದಿಂದಲ್ಲ, ನಷ್ಟದಿಂದ. ನನ್ನ ಮಿತ್ರರಾದ ಉಪಾಧ್ಯಾಯರೊಬ್ಬರು ನಮ್ಮ ತಾಲ್ಲೂಕಿನ ಹಳೆಯ ರಸ್ತೆಯೊಂದರ ಇಕ್ಕೆಲಗಳಲ್ಲಿದ್ದ ಸಾಲುಮರಗಳನ್ನು ಎಣಿಸುವ ಕೆಲಸವನ್ನು ಕೈಗೊಂಡಿದ್ದರು. ರಜಾದಿನಗಳಲ್ಲಿ ಕಿಲೋಮೀಟರು ಕಲ್ಲಿನಿಂದ ಕಲ್ಲಿಗೆ ನಡೆದು, ಮರ ಯಾವ ಜಾತಿಯದು, ಎದೆಯೆತ್ತರದಲ್ಲಿ ಅದರ ಸುತ್ತಳತೆಯೆಷ್ಟು, ಪೊಟರೆಯುಂಟೇ, ಜೇನು ಕಟ್ಟಿದೆಯೇ ಎಂಬುದನ್ನೆಲ್ಲ ನೋಡಿ, ತಿಂಗಳಿಗೊಂದರಂತೆ ನನಗೆ ಪತ್ರ ಕಳುಹಿಸುತ್ತಿದ್ದರು. 'ಸಾಲುಮರ' ಎಂಬುದೇ ಆ ಪತ್ರಗಳೆಲ್ಲದರ ತಲೆಬರಹ. ಅಳತೆಗಳನ್ನು ಬೇರೊಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವರಿಗಿರಲಿಲ್ಲ. ನಾನು ಜೋಪಾನವಾಗಿಟ್ಟಿರುವೆನೆಂದು ನಂಬಿದ್ದರು.

ಆ ದಿನಗಳಲ್ಲಿ ನನಗೆ ಸಾಲ ಕೊಡುವೆವೆಂಬ ಜಾಹೀರಾತಿನ ಪತ್ರಗಳ ಕಾಟ ವಿಪರೀತವಾಗಿತ್ತು. ಮೇಜಿನ ಗಣಕದಲ್ಲಿ ಅಂಚೆಗಾಗಿ ನಾನು ಇರಿಸಿಕೊಂಡಿರುವ ತಂತ್ರಾಂಶದಲ್ಲಿ, ಬಂದ ಪತ್ರವನ್ನು ನೋಡಿ ತಾನಾಗಿಯೇ ಕ್ರಮ ಕೈಗೊಳ್ಳುವ ನಿಯಮಗಳನ್ನು ಬರೆದಿಡುವ ಸೌಕರ್ಯವಿದೆ. 'ತಲೆಬರಹದಲ್ಲಿ ಸಾಲ ಎಂಬುದಿದ್ದರೆ ಕಸದ ಬುಟ್ಟಿಗೆ ಹಾಕು' ಎಂದು ಒಂದು ನಿಯಮವನ್ನು ಬರೆದೆ. ಅಷ್ಟಕ್ಕೇ ತೃಪ್ತನಾಗದೆ, ಹಳೆಯ ಪತ್ರಗಳ ಮೇಲೆಯೂ ಅದನ್ನು ಒಮ್ಮೆ ನಡೆಯಿಸಿದೆ. ಗಣಕಕ್ಕೆ ಪದವೆಂಬುದು ತಿಳಿಯದು. ಅದು ನೋಡುವುದು ಸಂಕೇತಗಳ ಸರಣಿಯನ್ನು ಮಾತ್ರ. 'ಸಾಲ' ಎಂದರೆ ಅದಕ್ಕೆ ಸಕಾರ, ಅದರ ದೀರ್ಘ, ಲಕಾರ ಎಂಬ ಮೂರು ಸಂಕೇತಗಳು. 'ಸಾಲು' ಎಂಬುದರಲ್ಲಿ ಇವೇ ಮೂರರ ಮುಂದೆ ಕೊಂಬು ಬರುತ್ತದೆ. 'ಮಸಾಲೆ' ಎಂಬುದರ ಹೊಟ್ಟೆಯಲ್ಲಿಯೂ ಇವೇ ಮೂರು ಇವೆ. ಆದಕಾರಣ ಬಡ್ಡಿಯವರ ಪತ್ರಗಳೊಂದಿಗೆ ಮೇಷ್ಟರ ಸಾಲುಮರಗಳೂ, ನನ್ನ ತಂಗಿ ಬರೆದಿದ್ದ ಮಸಾಲೆಪುಡಿಯ ವಿವರವೂ ಬುಟ್ಟಿಗೆ ಹೋದುವು. ಮಸಾಲೆಪುಡಿಯನ್ನು ದೂರವಾಣಿಯಲ್ಲಿ ಮತ್ತೆ ಕೇಳಿ ಬರೆದುಕೊಳ್ಳಬಹುದಾಗಿತ್ತು. ಮೂವತ್ತು ದಿನ ಕಳೆದ ಪತ್ರಗಳನ್ನು ಬುಟ್ಟಿಯಿಂದ ನಿರ್ಮೂಲ ಮಾಡುವುದು ನನ್ನ ಅಂಚೆಯ ಸರ್ವರಿನ ಪದ್ಧತಿ. ಅದು ಕಾಲಕ್ಕೆ ಸರಿಯಾಗಿ ನಡೆಯಿತು.

'ನಾಲ್ಕು ತಿಂಗಳಿಂದ ನಿಮ್ಮ ಉತ್ತರವೇ ಇಲ್ಲವಲ್ಲ' ಎಂದು ಮೇಷ್ಟರು ಕೇಳಿದಾಗಲೇ ನನಗೆ ಎಚ್ಚರವಾದುದು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಪತ್ರಗಳನ್ನು ಕಳುಹಿಸುತ್ತಿದ್ದ ಶಾಲೆಯ ವಿಳಾಸವನ್ನು ಮುಚ್ಚಲಾಗಿತ್ತು. ರಸ್ತೆಯನ್ನು ಅಗಲಮಾಡುವ ಕಾಮಗಾರಿ ಆರಂಭವಾಗಿ ಮರಗಳೂ ಉರುಳಿದ್ದುವು. ಎಂದರೆ ಪತ್ರವೂ ಇಲ್ಲ, ಪತ್ರದ ನಕಲೂ ಇಲ್ಲ, ಪತ್ರಕ್ಕೆ ವಿಷಯವಾದ ವಸ್ತುವೂ ಇಲ್ಲ.

ಪತ್ರ ನನ್ನ ಗಣಕದಲ್ಲಿಯೂ ಇತ್ತು, ಫೋನಿನಲ್ಲಿಯೂ ಇತ್ತು, ಸರ್ವರಿನಲ್ಲಿಯೂ ಇತ್ತು. ಮೂರು ಕಡೆ ಇದ್ದುದು ಒಂದೇ ನಿಯಮದಿಂದ ಮೂರು ಕಡೆಯೂ ಅಳಿದುದು ಹೇಗೆ? ಇದಕ್ಕೆ ಸ್ವಲ್ಪ ಇತಿಹಾಸವನ್ನು ನೋಡಬೇಕಾಗುತ್ತದೆ. ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವುದನ್ನು ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರು ೧೯೭೧ರಲ್ಲಿ ಅಮೆರಿಕದಲ್ಲಿ ಸಾಧಿಸಿ ತೋರಿಸಿದನು. ಸರ್ವರಿಗೆ ಬಂದು ಬಿದ್ದ ಪತ್ರವನ್ನು ನಮ್ಮ ಮೇಜಿನ ಗಣಕಕ್ಕೆ ತರಿಸಿಕೊಳ್ಳಲು ೧೯೮೪ರಲ್ಲಿ ಪಾಪ್ ಎಂಬ ಕಟ್ಟಳೆ ಏರ್ಪಟ್ಟಿತು. ಅಂಚೆ ಕಚೇರಿಗೆ ಹೋಗಿ ನಮ್ಮ ಪೆಟ್ಟಿಗೆಯಲ್ಲಿರುವುದನ್ನು ಬಾಚಿಕೊಂಡು ಮನೆಗೆ ಬರುವುದು ಹೇಗೋ ಅದರ ರೀತಿಯೂ ಹಾಗೆ. ತಂದ ಮೇಲೆ ಪತ್ರ ನಮ್ಮದು. ಎರಡು ವರ್ಷಗಳ ತರುವಾಯ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಎಂಬಾತನು ಐಮ್ಯಾಪ್ ಎಂಬ ಇನ್ನೊಂದು ಕಟ್ಟಳೆಯನ್ನು ರೂಪಿಸಿದನು. ಇದರಲ್ಲಿ ಪತ್ರವು ಅಂಚೆ ಕಚೇರಿಯಲ್ಲಿಯೇ ಉಳಿಯುತ್ತದೆ. ನಾವು ನಮ್ಮ ಗಣಕದಲ್ಲಿ ಅದರ ಬಿಂಬವನ್ನು ಕಾಣುತ್ತೇವೆ. ಕಚೇರಿಯಲ್ಲೊಂದು, ಮನೆಯಲ್ಲೊಂದು, ಜೇಬಿನಲ್ಲೊಂದು ಯಂತ್ರವಿಟ್ಟುಕೊಂಡ ಈ ಕಾಲಕ್ಕೆ ಅದೇ ಅನುಕೂಲ. ಒಂದರಲ್ಲಿ ಓದಿದ ಪತ್ರ ಇನ್ನೊಂದರಲ್ಲಿಯೂ ಓದಿದಂತೆ ತೋರುತ್ತದೆ.

ಆದರೆ ಅದೇ ನಿಷ್ಠೆಯಿಂದ, ಒಂದರಲ್ಲಿ ಅಳಿಸಿದುದು ಎಲ್ಲದರಲ್ಲಿಯೂ ಅಳಿಯುತ್ತದೆ. ಕನ್ನಡಿಗಳನ್ನು ಮೂರಲ್ಲ ಮೂವತ್ತಿಟ್ಟರೂ ಎದುರಿನ ವಸ್ತು ಸರಿದೊಡನೆ ಬಿಂಬಗಳೆಲ್ಲವೂ ಮಾಯವಾಗುವುವಷ್ಟೆ. 'ನನ್ನ ಪತ್ರಗಳು ಎಲ್ಲ ಕಡೆಯೂ ಇವೆ' ಎಂದು ನೆಮ್ಮದಿಯಿಂದಿರುವವರು ಕಾಯುತ್ತಿರುವುದು ಕನ್ನಡಿಯೊಳಗಿನ ಗಂಟನ್ನೇ. ಹೊಂದಾಣಿಕೆ ಬೇರೆ, ಬ್ಯಾಕಪ್ ಬೇರೆ. ಮೂಲವು ಕೆಟ್ಟಾಗ ಯಾವುದು ಕೆಡದೆ ಉಳಿಯುವುದೋ ಅದನ್ನು ಮಾತ್ರ ಪ್ರತಿಯೆಂದು ಕರೆಯತಕ್ಕದ್ದು.

ದೊಡ್ಡ ಸಂಸ್ಥೆಗಳು ನಮಗಿಂತ ಚೆನ್ನಾಗಿ ಕಾಪಾಡುವುವಲ್ಲ, ಗೃಹಸ್ಥನಿಗೇಕೆ ಈ ಗೋಜು ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಆ ಸಂಸ್ಥೆಗಳು ಮಾಡುವುದೇನೆಂಬುದನ್ನು ಗಮನಿಸಬೇಕು. ೨೦೧೧ನೆಯ ಫೆಬ್ರವರಿ ತಿಂಗಳ ಕೊನೆಯಲ್ಲಿ ಜೀಮೇಲಿನ ತಂತ್ರಾಂಶದ ದೋಷವೊಂದರಿಂದ ಅದರ ಬಳಕೆದಾರರಲ್ಲಿ ನೂರಕ್ಕೆ ೦.೦೨ರಷ್ಟು ಮಂದಿಯ ಅಂಚೆಪೆಟ್ಟಿಗೆಗಳು ಬರಿದಾಗಿ ತೋರಿದುವು. ಪತ್ರಗಳ ನಕಲುಗಳು ಹಲವು ಕೇಂದ್ರಗಳಲ್ಲಿದ್ದರೂ ದೋಷವು ಆ ನಕಲುಗಳನ್ನೂ ತಾಕಿತ್ತು. ಕೊನೆಗೆ ಅವನ್ನು ಮರಳಿ ತಂದುದು ಕಾಂತದ ಟೇಪುಗಳಿಂದ. ಜಾಲಕ್ಕೆ ಸೇರದೆ ಕಪಾಟಿನಲ್ಲಿದ್ದುದರಿಂದಲೇ ಟೇಪುಗಳು ಉಳಿದಿದ್ದುವು. ೨೦೦೧ರಿಂದ ನಡೆಯುತ್ತಿದ್ದ ವಿಎಫ್‌ಇಮೇಲ್ ಎಂಬ ಸಣ್ಣ ಅಂಚೆಸಂಸ್ಥೆಗೆ ಆ ಭಾಗ್ಯವಿರಲಿಲ್ಲ. ೨೦೧೯ನೆಯ ಫೆಬ್ರವರಿಯಲ್ಲಿ ದಾಳಿಕೋರನೊಬ್ಬನು ಅಮೆರಿಕದಲ್ಲಿದ್ದ ಅದರ ಸರ್ವರುಗಳನ್ನೂ, ಜಾಲದ ಮೂಲಕ ಕೈಗೆಟುಕುತ್ತಿದ್ದ ಬ್ಯಾಕಪ್ಪನ್ನೂ ಒಟ್ಟಿಗೇ ಅಳಿಸಿಹಾಕಿದನು. ಇನ್ನು ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ ಸಂಸ್ಥೆಯು ೨೦೨೩ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ಹಿರಿಯರ ಪತ್ರಗಳು ಅಲ್ಲಿಯೇ ಇರಲೆಂದು ಬಿಟ್ಟಿರುವ ಮನೆಯವರು ಇದನ್ನು ಯೋಚಿಸಬೇಕು. ಬಹು ದೊಡ್ಡ ಸಂಸ್ಥೆಯೇ ಕಪಾಟಿನ ಟೇಪನ್ನು ನಂಬಿರುವಾಗ, ನಾವು ಒಂದು ಡಿಸ್ಕನ್ನು ಕಪಾಟಿನಲ್ಲಿಡುವುದು ಹಳೆಯ ಕಾಲದ ಬುದ್ಧಿಯೆಂದು ನಾಚಬೇಕಾದುದಿಲ್ಲ.

ಮೇಜಿನ ಗಣಕದ ಅಂಚೆ ತಂತ್ರಾಂಶಗಳ ಉಪಯೋಗ ಇರುವುದು ಇಲ್ಲಿಯೇ. ಥಂಡರ್‌ಬರ್ಡ್ ಮೊದಲಾದುವು ಪತ್ರಗಳನ್ನು ಎಂಬಾಕ್ಸ್ ಎಂಬ ರೂಪದಲ್ಲಿ ನಮ್ಮ ಡಿಸ್ಕಿನಲ್ಲಿ ಬರೆದಿಡುತ್ತವೆ. ಆ ರೂಪವು ನಮ್ಮ ಹಿರಿಯರ ತಂತಿಯೇ ಸರಿ: ಒಂದು ಕಡತಕ್ಕೆ ಸೇರಿದ ಪತ್ರಗಳೆಲ್ಲ ಒಂದರ ಹಿಂದೊಂದಾಗಿ ಒಂದೇ ಫೈಲಿನಲ್ಲಿ ಪೋಣಿಸಲ್ಪಟ್ಟಿರುತ್ತವೆ. ನಡುವಿನ ಪತ್ರವನ್ನು ಅಳಿಸಿದರೆ ಮೊದಲಿಗೆ ಅಳಿಸಿದುದೆಂಬ ಗುರುತು ಮಾತ್ರ ಬೀಳುತ್ತದೆ. ಫೈಲನ್ನು ಅಡಕಮಾಡಿ ಹೊಸದಾಗಿ ಬರೆದಾಗಲೇ ಅದು ನಿಜವಾಗಿ ಹೋಗುವುದು. ಪತ್ರಕ್ಕೊಂದು ಫೈಲಿನಂತೆ ಬಿಡಿಬಿಡಿಯಾಗಿಡುವ ಮೇಲ್‌ಡಿರ್ ಎಂಬ ಪದ್ಧತಿಯೂ ಉಂಟು. ಈ ಎರಡೂ ರೂಪಗಳು ಬಹಿರಂಗವಾಗಿರುವುದರಿಂದ, ಬರೆದ ತಂತ್ರಾಂಶ ಸತ್ತರೂ ಪತ್ರ ಬದುಕುತ್ತದೆ. ೧೯೮೮ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ಬಹು ಜನಪ್ರಿಯವಾಗಿದ್ದ ಯುಡೋರಾ ತಂತ್ರಾಂಶದ ಮಾರಾಟವು ೨೦೦೭ರಲ್ಲಿ ನಿಂತುಹೋಯಿತು. ಆದರೆ ಅದು ಪತ್ರಗಳನ್ನಿಟ್ಟಿದ್ದುದು ಎಂಬಾಕ್ಸನ್ನೇ ಹೋಲುವ ರೂಪದಲ್ಲಾದುದರಿಂದ ಅವನ್ನು ಇಂದಿಗೂ ಬೇರೆ ತಂತ್ರಾಂಶಗಳಿಗೆ ತರಬಹುದು. ಔಟ್‌ಲುಕ್ಕಿನ ಪಿಎಸ್‌ಟಿ ಎಂಬ ಫೈಲಿನ ಹಳೆಯ ರೂಪಕ್ಕೆ ೨ ಗಿಗಾಬೈಟಿನ ಮೇರೆಯಿತ್ತು. ಮೇರೆ ಮುಟ್ಟಿದ ಫೈಲು ತೆರೆಯದೆ ಸತಾಯಿಸಿದುದನ್ನು ಹಳಬರು ಮರೆತಿರಲಾರರು. ೨೦೦೩ರ ಆವೃತ್ತಿಯಿಂದ ಆ ಮೇರೆ ಹೆಚ್ಚಿತು.

ನಿಯಮಗಳ ವಿಚಾರದಲ್ಲಿ ನನ್ನ ಮತವು ಸ್ಪಷ್ಟವಾಗಿದೆ. ಯಂತ್ರವು ವಿಂಗಡಿಸಲಿ, ಬಣ್ಣ ಹಚ್ಚಲಿ, ಬದಿಗಿಡಲಿ. ಅಳಿಸುವ ಅಧಿಕಾರವನ್ನು ಮಾತ್ರ ಅದಕ್ಕೆ ಕೊಡಕೂಡದು. ಇದು ಹೆದರಿದವನ ಮಾತೆಂದು ತಿಳಿಯಬಾರದು. ಬಲ್ಲವರೂ ಹೀಗೆಯೇ ಯೋಚಿಸಿದ್ದಾರೆ. ಸರ್ವರಿನಲ್ಲಿ ಅಂಚೆಯನ್ನು ಸೋಸುವುದಕ್ಕೆಂದು ೨೦೦೧ರಲ್ಲಿ ಒಂದು ಪುಟ್ಟ ಭಾಷೆಯು ಪ್ರಕಟವಾಯಿತು. ಅದರ ಹೆಸರು ಸೀವ್, ಎಂದರೆ ಜರಡಿ. ಒಂದೇ ಕೆಲಸವನ್ನು ಮತ್ತೆ ಮತ್ತೆ ಸುತ್ತುವ ಶಕ್ತಿಯನ್ನು ಅದರ ಕರ್ತರು ಬೇಕೆಂದೇ ಅದಕ್ಕೆ ಕೊಡಲಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಬೇರೆ ಏನನ್ನೂ ಹೇಳದಿದ್ದಲ್ಲಿ, ಅಥವಾ ನಿಯಮವು ನಡುವೆ ತಪ್ಪಿ ನಿಂತಲ್ಲಿ, ಪತ್ರವನ್ನು ಉಳಿಸಿಕೊಳ್ಳತಕ್ಕದ್ದೆಂದು ವಿಧಿಸಿದ್ದಾರೆ. ರಜೆಯಲ್ಲಿದ್ದೇನೆಂದು ತಾನಾಗಿ ಉತ್ತರಿಸುವ ಏರ್ಪಾಟು ಕೂಡ ಬೇರೆ ಸೂಚನೆಯಿಲ್ಲದಿದ್ದರೆ ಒಬ್ಬನಿಗೆ ಏಳು ದಿನಗಳಿಗೆ ಒಂದೇ ಬಾರಿ ಉತ್ತರಿಸುತ್ತದೆ. ಇಲ್ಲವಾದರೆ ರಜೆಯಲ್ಲಿರುವ ಇಬ್ಬರ ಯಂತ್ರಗಳು ಒಂದಕ್ಕೊಂದು ಉತ್ತರಿಸುತ್ತ ರಾತ್ರಿಯೆಲ್ಲ ಹರಟುತ್ತಿದ್ದುವು.

ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಎಂಬಾಕ್ಸ್ ಫೈಲನ್ನು ಸಾಮಾನ್ಯ ಬರಹದ ತಂತ್ರಾಂಶದಲ್ಲಿ ತೆರೆದು ನೋಡಿದವರು, ಇಂಗ್ಲಿಷ್ ಪತ್ರಗಳು ಹಾಗೆಯೇ ಇದ್ದು ಕನ್ನಡ ಪತ್ರಗಳು ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡು ಗಾಬರಿಗೊಳ್ಳುವುದುಂಟು. ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. ಅಂಚೆಯಲ್ಲಿ ಸುರಕ್ಷಿತವಾಗಿ ಸಾಗಲೆಂದು ಪ್ರತಿ ಮೂರು ಬೈಟುಗಳನ್ನು ನಾಲ್ಕು ರೋಮನ್ ಚಿಹ್ನೆಗಳನ್ನಾಗಿ ಬದಲಿಸುವುದು ಸಾಮಾನ್ಯ. ಅಂಚೆ ತಂತ್ರಾಂಶವು ತೆರೆದೊಡನೆ ಕನ್ನಡವು ಮರಳುತ್ತದೆ, ಇದರಲ್ಲಿ ಭಯವಿಲ್ಲ. ಭಯವಿರುವುದು ೨೦೦೦ದ ಆಸುಪಾಸಿನ ಪತ್ರಗಳಲ್ಲಿ. ಆಗ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಬರೆದ ಪತ್ರಗಳಲ್ಲಿ ಕನ್ನಡವು ತೋರಿಕೆಗೆ ಮಾತ್ರ ಇದ್ದಿತು. ಒಳಗಿನ ಸಂಕೇತಗಳು ರೋಮನ್ ಲಿಪಿಯವು. ಆ ವಿನ್ಯಾಸವಿಲ್ಲದ ಗಣಕದಲ್ಲಿ ಅವು ಕಲಸುಮೇಲೋಗರ. ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಬಲ್ಲವರು ಬದುಕಿರುವಾಗಲೇ, ಯಾವ ವಿನ್ಯಾಸವೆಂಬುದು ನೆನಪಿರುವಾಗಲೇ, ಇದನ್ನು ಮಾಡಿ ಮುಗಿಸುವುದು ಲೇಸು.

ನಾನೀಗ ಅನುಸರಿಸುತ್ತಿರುವ ಕ್ರಮವನ್ನು ಹೇಳುತ್ತೇನೆ. ಇದಕ್ಕಿಂತ ಜಾಣತನದ ಕ್ರಮಗಳಿರಬಹುದು. ಪ್ರತಿ ಅಮಾವಾಸ್ಯೆಯಂದು, ಮರೆಯದ ದಿನವೆಂಬ ಒಂದೇ ಕಾರಣದಿಂದ, ಅಂಚೆ ತಂತ್ರಾಂಶವು ಎಲ್ಲ ಪತ್ರಗಳನ್ನೂ ಪೂರ್ತಿಯಾಗಿ ತರಿಸಿಕೊಂಡಿದೆಯೇ ಎಂದು ನೋಡುತ್ತೇನೆ. ಕೆಲವು ತಂತ್ರಾಂಶಗಳು ಸೂಚನೆಯಿಲ್ಲದಿದ್ದರೆ ತಲೆಬರಹಗಳನ್ನಷ್ಟೇ ತಂದು ಒಡಲನ್ನು ಸರ್ವರಿನಲ್ಲಿಯೇ ಬಿಟ್ಟಿರುತ್ತವೆ. ಅಂತಹುದರ ಪ್ರತಿ ಮಾಡಿದರೆ ಸಿಪ್ಪೆಯ ಪ್ರತಿ ಮಾಡಿದಂತೆ. ಬಳಿಕ ತಂತ್ರಾಂಶವನ್ನು ಮುಚ್ಚಿ, ತೆರೆದಿರುವಾಗ ಎಂದಿಗೂ ಅಲ್ಲ, ಅದರ ಕಡತವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಕಳಚಿ ಬೀರುವಿನಲ್ಲಿಡುತ್ತೇನೆ. ಹಿಂದಿನ ತಿಂಗಳ ನಕಲಿನ ಮೇಲೆ ಬರೆಯುವುದಿಲ್ಲ. ಮೂರು ತಿಂಗಳವು ಸದಾ ಇರುತ್ತವೆ. ವರ್ಷಕ್ಕೆರಡು ಬಾರಿ ಬೇರೊಂದು ಗಣಕದಲ್ಲಿ ಆ ನಕಲನ್ನು ತೆರೆದು ನಾಲ್ಕಾರು ಪತ್ರಗಳನ್ನು ಓದಿ ನೋಡುತ್ತೇನೆ. ಡಿಸ್ಕು ಕಳ್ಳನ ಪಾಲಾದರೆ ಬ್ಯಾಂಕಿನ ವ್ಯವಹಾರವೂ ಕಾಯಿಲೆಯ ವಿವರಗಳೂ ಬಯಲಾಗುವುವೆಂಬುದು ನಿಜವಾದ ಕಷ್ಟ. ಅದಕ್ಕಾಗಿ ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು, ಅದರ ಸಂಕೇತಪದವನ್ನು ಕಾಗದದಲ್ಲಿ ಬರೆದು, ಮನೆಯ ಪತ್ರಗಳಿರುವ ಟ್ರಂಕಿನಲ್ಲಿಟ್ಟಿದ್ದೇನೆ. ಎಲ್ಲಿದೆಯೆಂಬುದನ್ನು ಮಗಳಿಗೆ ಹೇಳಿದ್ದೇನೆ. ಫೋನೊಂದನ್ನೇ ನೆಚ್ಚಿದವರಿಗೆ ಇದು ಸುಲಭವಲ್ಲವೆಂಬುದನ್ನು ಒಪ್ಪುತ್ತೇನೆ. ಅಂತಹವರು ತಮ್ಮ ಅಂಚೆಸಂಸ್ಥೆಯು ಖಾತೆಯ ಪೂರ್ಣ ಪ್ರತಿಯನ್ನು ಕೊಡುವುದಾದರೆ ವರ್ಷಕ್ಕೊಮ್ಮೆಯಾದರೂ ಪಡೆದು ಇಟ್ಟುಕೊಳ್ಳಬಹುದು.

ಮೇಷ್ಟರ ಪತ್ರಗಳ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ನಿಯಮ ಬರೆಯುವುದಕ್ಕೆ ಕೆಲವು ವಾರಗಳ ಮುಂಚೆ ನಾನು ಗಣಕವನ್ನು ಬದಲಿಸಿದ್ದೆ. ಹಳೆಯದು ಅಟ್ಟದ ಮೇಲಿತ್ತು. ಅದನ್ನು ಜಾಲಕ್ಕೆ ಸೇರಿಸದೆ ತೆರೆದೆ. ಸೇರಿಸಿದ್ದರೆ ಅದೂ ಸರ್ವರನ್ನು ಕಂಡು ತನ್ನಲ್ಲಿದ್ದುದನ್ನು ಅಳಿಸಿಕೊಳ್ಳುತ್ತಿತ್ತು. ಹನ್ನೊಂದು ಪತ್ರಗಳಲ್ಲಿ ಏಳು ಅದರಲ್ಲಿದ್ದುವು. ಕಡೆಯ ನಾಲ್ಕು ನಿಯಮ ಬಂದ ಮೇಲಿನವು. ಅವುಗಳಲ್ಲಿದ್ದ ಮರಗಳ ಲೆಕ್ಕ ಯಾರಲ್ಲಿಯೂ ಇಲ್ಲ. ಏಳನ್ನೂ ಅಚ್ಚುಮಾಡಿ ಮೇಷ್ಟರಿಗೆ ತಲುಪಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದುತ್ತ ಹೋಗಿ ಮೂರನೆಯ ಪತ್ರದಲ್ಲಿ ನಿಂತರು. ಕೆರೆ ಏರಿಯ ತಿರುವಿನಲ್ಲಿದ್ದ ಆಲದ ಮರದ ಸುತ್ತಳತೆಯನ್ನು ತಾವು ತಪ್ಪಾಗಿ ಬರೆದಿರಬೇಕೆಂದೂ, ಅಷ್ಟು ಸಣ್ಣದಾಗಿರಲಾರದೆಂದೂ ಹೇಳಿ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರು.